ಒಂದೇ ಥರ ಕಾಣುವ ಎರಡು ಫೋನುಗಳಲ್ಲಿ ಒಂದನ್ನು ಆರಿಸುವುದು ಹೇಗೆ

ಎರಡು ಫೋನುಗಳ ವಿವರಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತರೆ ಮುಕ್ಕಾಲು ಸಾಲುಗಳು ಒಂದೇ ಆಗಿರುತ್ತವೆ: 6.7 ಇಂಚಿನ ಅಮೊಲೆಡ್ ಪರದೆ, 120 ಹರ್ಟ್ಜ್, 50 ಮೆಗಾಪಿಕ್ಸೆಲ್ ಕ್ಯಾಮೆರಾ, 5000 ಎಂಎಎಚ್ ಬ್ಯಾಟರಿ, 8 ಜಿಬಿ ರ‍್ಯಾಮ್. ಬೆಲೆಯಲ್ಲಿ ಮಾತ್ರ ಅಷ್ಟಿಷ್ಟು ಅಂತರ. ಆಗ ಹೆಚ್ಚಿನವರು ಅಂಕಿ ದೊಡ್ಡದಿರುವ ಫೋನನ್ನೋ, ಅಗ್ಗದ ಫೋನನ್ನೋ ಕೊಂಡುಬಿಡುತ್ತಾರೆ. ಆದರೆ ಎರಡು ವರ್ಷ ಕಳೆದ ಮೇಲೂ ಫೋನು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಸಂಗತಿಗಳು ಜಾಹೀರಾತಿನಲ್ಲಿ ಇರುವುದೇ ಇಲ್ಲ. ಅಪ್‌ಡೇಟ್ ಯಾವ ತಿಂಗಳಿನವರೆಗೆ ಬರುತ್ತದೆ, ಸ್ಟೋರೇಜ್ ಯಾವ ಬಗೆಯದು, ಕರೆಯ ವೇಳೆ ಪರದೆ ಆರಿಸುವ ಸೆನ್ಸರ್ ನಿಜವಾಗಿ ಇದೆಯೇ ಇಂಥ ವಿವರಗಳು ಪುಟದ ಕೆಳಗಿನ ಸಣ್ಣಕ್ಷರದಲ್ಲಿ ಅಡಗಿರುತ್ತವೆ. ಅವನ್ನು ಹುಡುಕಿ ಓದುವ ಕ್ರಮ ಇಲ್ಲಿದೆ.

ಮೊದಲು ಹಳೆಯ ಫೋನನ್ನು ವಿಚಾರಿಸಿ

ಹೊಸದರ ಪಟ್ಟಿ ತೆರೆಯುವ ಮೊದಲು, ಈಗಿನ ಫೋನಿನಲ್ಲಿ ನಿಮಗೆ ನಿಜವಾಗಿ ತೊಂದರೆ ಕೊಡುತ್ತಿರುವ ಮೂರು ಸಂಗತಿಗಳನ್ನು ಬರೆದಿಡಿ. "ನಿಧಾನ" ಎಂದಷ್ಟೇ ಬರೆದರೆ ಉಪಯೋಗವಿಲ್ಲ. ಯಾವಾಗ ನಿಧಾನ? ಕ್ಯಾಮೆರಾ ತೆರೆಯುವಾಗಲೇ, ಆ್ಯಪ್ ಬದಲಿಸುವಾಗಲೇ, ಅಥವಾ ಎಲ್ಲ ಹೊತ್ತಿನಲ್ಲೂ ಹೀಗೆಯೇ? ಎಲ್ಲ ಹೊತ್ತಿನಲ್ಲೂ ನಿಧಾನವಾಗಿದ್ದರೆ ಸ್ಟೋರೇಜ್ ತುಂಬಿರುವ ಸಾಧ್ಯತೆಯೇ ಹೆಚ್ಚು. ಶೇ. 90 ದಾಟಿ ತುಂಬಿದ ಫೋನು ಎಷ್ಟೇ ಒಳ್ಳೆಯದಾದರೂ ತೆವಳುತ್ತದೆ, ಏಕೆಂದರೆ ಹೊಸ ದತ್ತಾಂಶ ಬರೆಯುವ ಮೊದಲು ಅದು ಹಳೆಯ ಬ್ಲಾಕುಗಳನ್ನು ಒತ್ತರಿಸಿ ಜಾಗ ಮಾಡಿಕೊಳ್ಳಬೇಕಾಗುತ್ತದೆ. 15-20 ಜಿಬಿ ಖಾಲಿ ಮಾಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿ.

ದೂರು ಬ್ಯಾಟರಿಯದ್ದೊಂದೇ ಆಗಿದ್ದರೆ ಅದರ ಆರೋಗ್ಯ ಪರೀಕ್ಷಿಸಿ. ಐಫೋನಿನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲೇ ಗರಿಷ್ಠ ಸಾಮರ್ಥ್ಯ ಎಷ್ಟು ಉಳಿದಿದೆ ಎಂದು ತೋರಿಸುತ್ತದೆ. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪಿನ ಡಯಾಗ್ನೋಸ್ಟಿಕ್ಸ್ ಇದೆ. ಸಾಮರ್ಥ್ಯ ಶೇ. 80ಕ್ಕಿಂತ ಕೆಳಗಿಳಿದಿದ್ದು, ಫೋನಿಗೆ ಭದ್ರತಾ ಅಪ್‌ಡೇಟ್ ಇನ್ನೂ ಬರುತ್ತಿದ್ದರೆ, ಅಧಿಕೃತ ಕೇಂದ್ರದಲ್ಲಿ ಬ್ಯಾಟರಿ ಬದಲಿಸಿಕೊಳ್ಳುವುದೇ ಸರಿಯಾದ ನಿರ್ಧಾರ. ಹೊಸ ಫೋನಿನ ಯೋಚನೆಯನ್ನು ಇನ್ನೊಂದೆರಡು ವರ್ಷ ಮುಂದಕ್ಕೆ ಹಾಕಬಹುದು.

ಇನ್ನೊಂದು ಲೆಕ್ಕವನ್ನೂ ಈಗಲೇ ಮಾಡಿಕೊಳ್ಳಿ. ಮೂರು ವರ್ಷದಲ್ಲಿ 90 ಜಿಬಿ ತುಂಬಿಸಿದ್ದೀರಿ ಎಂದುಕೊಳ್ಳೋಣ. ಅಂದರೆ ವರ್ಷಕ್ಕೆ 30 ಜಿಬಿ. ಹೊಸ ಫೋನನ್ನು ನಾಲ್ಕು ವರ್ಷ ಬಳಸುವುದಾದರೆ ಈಗಿನ 90ಕ್ಕೆ ಮುಂದಿನ 120 ಸೇರಿ 210 ಜಿಬಿ. ವ್ಯವಸ್ಥೆಯ ತಂತ್ರಾಂಶಕ್ಕೇ ಸುಮಾರು 15-25 ಜಿಬಿ ಹೋಗುತ್ತದೆ. ಹಾಗಾಗಿ ನಿಮಗೆ ಬೇಕಾದದ್ದು 256 ಜಿಬಿ. 128 ಜಿಬಿ ಮಾದರಿಯ ಬೆಲೆ ಎಷ್ಟೇ ಆಕರ್ಷಕವಾಗಿ ಕಂಡರೂ ಅದನ್ನು ಹೋಲಿಕೆಗೇ ತರಬೇಡಿ.

ಹೆಸರು ನಂಬಬೇಡಿ, ಮಾದರಿ ಸಂಖ್ಯೆ ನೋಡಿ

ಈಗ ಎರಡೂ ಫೋನುಗಳ ಪೂರ್ತಿ ಮಾದರಿ ಸಂಖ್ಯೆಯನ್ನು ಬರೆದುಕೊಳ್ಳಿ. ಹೆಸರು ಒಂದೇ ಇದ್ದು ಒಳಗಿನ ಭಾಗಗಳು ಬೇರೆಯಾಗಿರುವುದು ಫೋನುಗಳಲ್ಲಿ ತೀರಾ ಸಾಮಾನ್ಯ. 2024ರ ಗ್ಯಾಲಕ್ಸಿ ಎಸ್24 ಕೆಲವು ಮಾರುಕಟ್ಟೆಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್ 8 ಜೆನ್ 3 ಪ್ರೊಸೆಸರಿನೊಂದಿಗೆ, ಉಳಿದೆಡೆ ಎಕ್ಸಿನೋಸ್ 2400ರೊಂದಿಗೆ ಬಂತು. ಪೋಕೊ ಎಫ್7ರ ಬ್ಯಾಟರಿ ಒಂದು ಮಾರುಕಟ್ಟೆಯಲ್ಲಿ 7550 ಎಂಎಎಚ್, ಇನ್ನೊಂದರಲ್ಲಿ 6500. ಬೇರೆ ಮಾರುಕಟ್ಟೆಯ ವಿಮರ್ಶೆ ನೋಡಿ ಬ್ಯಾಟರಿ ಬಾಳಿಕೆಯನ್ನು ಅಂದಾಜಿಸಿದರೆ ನಿರಾಶೆ ಖಚಿತ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ಅದರ ನಂತರದ ಮಾದರಿಗಳಲ್ಲಿ ಸಿಮ್ ಹಾಕುವ ಟ್ರೇ ಇಲ್ಲ, ಇ-ಸಿಮ್ (ಫೋನಿನೊಳಗೇ ಇರುವ ಡಿಜಿಟಲ್ ಸಿಮ್) ಮಾತ್ರ. ಹೊರದೇಶದಿಂದ ತರಿಸುವವರು ಇದನ್ನು ಮೊದಲೇ ತಿಳಿದಿರಬೇಕು. ಜತೆಗೆ ನಿಮ್ಮ ನೆಟ್‌ವರ್ಕ್ ಬಳಸುವ 4ಜಿ, 5ಜಿ ಬ್ಯಾಂಡುಗಳು (ಸಿಗ್ನಲ್ ಸಾಗುವ ತರಂಗಾಂತರಗಳು) ಆ ಮಾದರಿ ಸಂಖ್ಯೆಯ ಪಟ್ಟಿಯಲ್ಲಿ ಇವೆಯೇ ಎಂದು ಒಂದೊಂದಾಗಿ ಹೊಂದಿಸಿ ನೋಡಿ.

ತದ್ವಿರುದ್ಧವೂ ಉಂಟು: ಹೆಸರು ಬೇರೆ, ಫೋನು ಹೆಚ್ಚುಕಡಿಮೆ ಒಂದೇ. ಪೋಕೊ ಎಫ್5 ಮತ್ತು ರೆಡ್‌ಮಿ ನೋಟ್ 12 ಟರ್ಬೊ ಹಾಗಿರುವ ಜೋಡಿ. ಅಂಥ ಜೋಡಿ ಎದುರಾದರೆ ತಂತ್ರಾಂಶ, ವಾರಂಟಿ ಮತ್ತು ಬೆಲೆ ಈ ಮೂರನ್ನಷ್ಟೇ ಹೋಲಿಸಿ.

ಜಿಎಸ್‌ಎಂಅರೀನಾದಂಥ ಹೋಲಿಕೆ ತಾಣದಲ್ಲಿ ಎರಡನ್ನೂ ಪಕ್ಕಪಕ್ಕ ತೆರೆದು, ಒಂದೇ ಆಗಿರುವ ಸಾಲುಗಳನ್ನೆಲ್ಲ ಹೊಡೆದುಹಾಕಿ. ಉಳಿಯುವುದು ಹತ್ತು ಹನ್ನೆರಡು ಸಾಲು. ಪ್ರತಿಯೊಂದನ್ನೂ ತಯಾರಕರ ಅಧಿಕೃತ ಪುಟದ ಅಡಿಟಿಪ್ಪಣಿಯಲ್ಲಿ ಖಚಿತಪಡಿಸಿಕೊಳ್ಳಿ. "ಪ್ರಯೋಗಾಲಯದ ಪರಿಸ್ಥಿತಿಯಲ್ಲಿ", "ಆಯ್ದ ಮಾದರಿಗಳಲ್ಲಿ" ಎಂಬ ಷರತ್ತುಗಳು ಇರುವುದು ಅಲ್ಲಿಯೇ.

ಅಪ್‌ಡೇಟ್: ವರ್ಷದ ಲೆಕ್ಕ ಎಲ್ಲಿಂದ ಶುರು

ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. "7 ವರ್ಷ ಅಪ್‌ಡೇಟ್" ಎಂದರೆ ನೀವು ಕೊಂಡ ದಿನದಿಂದ 7 ವರ್ಷವಲ್ಲ, ಆ ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ. 2023ರ ಅಕ್ಟೋಬರಿನಲ್ಲಿ ಬಂದ ಪಿಕ್ಸೆಲ್ 8ಕ್ಕೆ 2030ರ ಅಕ್ಟೋಬರಿನವರೆಗೆ ಅಪ್‌ಡೇಟ್ ಸಿಗುತ್ತದೆ. ನೀವು 2026ರಲ್ಲಿ ಕೊಂಡರೂ ಕೊನೆಯ ತಾರೀಖು ಅದೇ. ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷದ ಭರವಸೆ ಇದೆ. ಅದರ ಹಿಂದಿನ ಎಸ್23ಕ್ಕೆ ಇರುವುದು ನಾಲ್ಕು ಆಂಡ್ರಾಯ್ಡ್ ಆವೃತ್ತಿ ಮತ್ತು ಐದು ವರ್ಷದ ಭದ್ರತಾ ಅಪ್‌ಡೇಟ್, ಅಂದರೆ 2028ರವರೆಗೆ. ಕೈಯಲ್ಲಿ ಹಿಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಥರ. ಹುಟ್ಟಿದ್ದರಲ್ಲಿ ಒಂದೇ ವರ್ಷದ ಅಂತರ, ಆಯಸ್ಸಿನಲ್ಲಿ ಮೂರು ವರ್ಷದ್ದು.

ಇದನ್ನು ಬೆಲೆಗೆ ತಾಳೆ ಹಾಕಿ. ಮೊದಲ ಫೋನಿನ ಬೆಲೆ 100, ಉಳಿದ ಬೆಂಬಲ 6 ವರ್ಷ. ಎರಡನೆಯದರ ಬೆಲೆ 85, ಉಳಿದದ್ದು 3 ವರ್ಷ. ವರ್ಷಕ್ಕೆ ಬೀಳುವ ವೆಚ್ಚ ಮೊದಲನೆಯದಕ್ಕೆ ಸುಮಾರು 16.7, ಎರಡನೆಯದಕ್ಕೆ 28.3. "ಅಗ್ಗದ" ಫೋನು ಎಷ್ಟು ದುಬಾರಿ ಎಂಬುದು ಆಗ ಕಾಣುತ್ತದೆ. ಆದರೆ ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಬೇಕು. ನೀವು ಮೂರು ವರ್ಷಕ್ಕೊಮ್ಮೆ ಫೋನು ಬದಲಿಸುವವರಾದರೆ ಎರಡಕ್ಕೂ ಮೂರು ವರ್ಷವನ್ನೇ ಹಾಕಿ. ಮಿಕ್ಕ ವರ್ಷಗಳು ಮರುಮಾರಾಟದ ಬೆಲೆಯಲ್ಲಿ ಮಾತ್ರ ನಿಮಗೆ ದಕ್ಕುತ್ತವೆ.

ಅಪ್‌ಡೇಟ್ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂಬುದನ್ನೂ ನೋಡಿ. ಅಂಗಡಿಯಲ್ಲಿರುವ ಪ್ರದರ್ಶನದ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಆಂಡ್ರಾಯ್ಡ್ ಆವೃತ್ತಿ ಎಂದು ಒಳಹೊಕ್ಕರೆ ಸೆಕ್ಯುರಿಟಿ ಪ್ಯಾಚಿನ ತಾರೀಖು ಸಿಗುತ್ತದೆ. ಪ್ರದರ್ಶನದ ಫೋನುಗಳನ್ನು ಅಪ್‌ಡೇಟ್ ಮಾಡದೆ ಬಿಟ್ಟಿರುವುದೂ ಉಂಟು. ಹಾಗಾಗಿ ಅದೇ ಕಂಪನಿಯ ಹಿಂದಿನ ವರ್ಷದ ಫೋನು ಬಳಸುತ್ತಿರುವ ಪರಿಚಿತರದ್ದನ್ನು ಕೇಳಿ ನೋಡುವುದು ಹೆಚ್ಚು ನಂಬಬಹುದಾದ ದಾರಿ. ಆ ತಾರೀಖು ಆರು ತಿಂಗಳು ಹಿಂದಿನದಾಗಿದ್ದರೆ ಕಂಪನಿಯ ಭರವಸೆಯನ್ನು ಅದಕ್ಕೆ ತಕ್ಕ ಹಾಗೆ ತೂಗಿ.

ಪ್ರೊಸೆಸರ್, ರ‍್ಯಾಮ್, ಸ್ಟೋರೇಜ್

ಪ್ರೊಸೆಸರಿನ ಹೆಸರಲ್ಲಿ ಒಂದಕ್ಷರ ಬದಲಾದರೂ ವರ್ಗವೇ ಬದಲಾಗುತ್ತದೆ. ಸ್ನ್ಯಾಪ್‌ಡ್ರ್ಯಾಗನ್ 7ಎಸ್ ಜೆನ್ 3, 7 ಜೆನ್ 3, 7 ಪ್ಲಸ್ ಜೆನ್ 3 ಒಂದೇ ಚಿಪ್ಪಿನ ಮೂರು ರೂಪಗಳಲ್ಲ. 7 ಪ್ಲಸ್‌ನಲ್ಲಿ ಕಾರ್ಟೆಕ್ಸ್-ಎಕ್ಸ್4 ಎಂಬ ಉನ್ನತ ಶ್ರೇಣಿಯ ಕೋರ್ ಇದೆ. 7ಎಸ್‌ನಲ್ಲಿ ಅದಿಲ್ಲ, ವೇಗದಲ್ಲಿ ಬಹಳ ಹಿಂದೆ. ಹಾಗೆಯೇ 8ಎಸ್ ಜೆನ್ 3 ಎಂಬುದು 8 ಜೆನ್ 3 ಅಲ್ಲ.

ಬೆಂಚ್‌ಮಾರ್ಕ್, ಅಂದರೆ ವೇಗ ಅಳೆಯುವ ಆ್ಯಪಿನ ಅಂಕ, ನೋಡುವುದಾದರೆ ಒಂದೇ ಸುತ್ತಿನ ಅಂಕ ಸಾಲದು. 3ಡಿಮಾರ್ಕ್‌ನ ವೈಲ್ಡ್ ಲೈಫ್ ಸ್ಟ್ರೆಸ್ ಟೆಸ್ಟ್ ಒಂದೊಂದು ನಿಮಿಷದ 20 ಸುತ್ತು ಓಡಿಸಿ, ಅತ್ಯುತ್ತಮ ಸುತ್ತಿನ ಎದುರು ಅತಿ ಕಳಪೆ ಸುತ್ತು ಶೇಕಡಾ ಎಷ್ಟು ಎಂದು ಹೇಳುತ್ತದೆ. ಬಿಸಿಯಾಗಿ ಶೇ. 50ಕ್ಕೆ ಕುಸಿಯುವ ವೇಗದ ಚಿಪ್ಪಿಗಿಂತ ಶೇ. 90ರಲ್ಲಿ ಸ್ಥಿರವಾಗಿ ನಿಲ್ಲುವ, ತುಸು ನಿಧಾನದ ಚಿಪ್ಪು ದೀರ್ಘ ಆಟಕ್ಕೆ, ಬಿಸಿಲಲ್ಲಿ ವಿಡಿಯೊ ತೆಗೆಯುವುದಕ್ಕೆ ಮೇಲು.

ಸ್ಟೋರೇಜ್‌ನ ಬಗೆಯನ್ನು ಮರೆಯುವವರೇ ಹೆಚ್ಚು. ಇಎಂಎಂಸಿ ಎಲ್ಲಕ್ಕಿಂತ ನಿಧಾನ. ನಂತರ ಯುಎಫ್‌ಎಸ್ 2.2, 3.1, 4.0 ಎಂದು ವೇಗ ಏರುತ್ತದೆ. ಆ್ಯಪ್ ತೆರೆಯುವುದು, ಅಪ್‌ಡೇಟ್ ಹಾಕಿಕೊಳ್ಳುವುದು, ಸಾವಿರಾರು ಫೋಟೊ ಇರುವ ಗ್ಯಾಲರಿ ಜಾರುವುದು ಎಲ್ಲಕ್ಕೂ ಇದೇ ಆಧಾರ. ಒಂದೇ ಮಾದರಿಯ ಒಳಗೂ ಇದು ಬದಲಾಗಬಹುದು: ಗ್ಯಾಲಕ್ಸಿ ಎಸ್23ರ 128 ಜಿಬಿ ಆವೃತ್ತಿಯಲ್ಲಿ ಯುಎಫ್‌ಎಸ್ 3.1, 256ರಲ್ಲಿ 4.0.

"8 + 8 ಜಿಬಿ ರ‍್ಯಾಮ್" ಎಂದು ಬರೆದಿದ್ದರೆ 8 ಎಂದೇ ಓದಿಕೊಳ್ಳಿ. ಎರಡನೆಯ 8 ಎಂಬುದು ಸ್ಟೋರೇಜ್‌ನಿಂದ ಕಡ ಪಡೆದ ಜಾಗ. ಅದು ನಿಜವಾದ ರ‍್ಯಾಮಿಗಿಂತ ಎಷ್ಟೋ ನಿಧಾನ, ಜತೆಗೆ ನಿಮ್ಮ ಸ್ಟೋರೇಜನ್ನೂ ತಿನ್ನುತ್ತದೆ.

ಬ್ಯಾಟರಿ ಮತ್ತು ಚಾರ್ಜಿಂಗ್

ಎಂಎಎಚ್ ಅಂಕಿಯಲ್ಲಿ ಶೇ. 5ರೊಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪರದೆ, ಮೋಡೆಮ್, ಪ್ರೊಸೆಸರ್ ಇವು ಎಷ್ಟು ಕುಡಿಯುತ್ತವೆ ಎಂಬುದರ ಮುಂದೆ ಅದು ಗೌಣ. ಒಂದೇ ಬ್ಯಾಟರಿಗೆ ಎರಡು ಅಂಕಿ ಇರುವುದೂ ಉಂಟು: ಗ್ಯಾಲಕ್ಸಿ ಎಸ್23 ಅಲ್ಟ್ರಾದ "5000" ಎಂಬುದು ಟಿಪಿಕಲ್ (ಸರಾಸರಿ) ಸಾಮರ್ಥ್ಯ, ರೇಟೆಡ್ (ಕನಿಷ್ಠ) ಸಾಮರ್ಥ್ಯ 4855. ಒಂದು ಫೋನಿನ ಟಿಪಿಕಲ್ ಅಂಕಿಯನ್ನು ಇನ್ನೊಂದರ ರೇಟೆಡ್ ಅಂಕಿಯ ಎದುರು ಇಟ್ಟರೆ ಇಲ್ಲದ ವ್ಯತ್ಯಾಸ ಕಾಣುತ್ತದೆ.

ಹೆಚ್ಚು ಮುಖ್ಯವಾದದ್ದು ಬ್ಯಾಟರಿ ಎಷ್ಟು ಸೈಕಲ್ ತಾಳುತ್ತದೆ ಎಂಬುದು. ಪೂರ್ತಿ ಒಂದು ಬ್ಯಾಟರಿಯಷ್ಟು ವಿದ್ಯುತ್ ಖರ್ಚಾದರೆ ಒಂದು ಸೈಕಲ್. ಎರಡು ದಿನ ಅರ್ಧರ್ಧ ಬಳಸಿದರೂ ಅದು ಒಂದೇ. ಐಫೋನ್ 14ರವರೆಗಿನ ಬ್ಯಾಟರಿಗಳನ್ನು 500 ಸೈಕಲ್ ನಂತರ ಶೇ. 80 ಉಳಿಯುವಂತೆ ರೂಪಿಸಲಾಗಿದೆ ಎಂದು ಆ್ಯಪಲ್ ಹೇಳುತ್ತದೆ. ಐಫೋನ್ 15ರಿಂದ ಅದು 1000.

ಇಲ್ಲಿ ನೆರವಿಗೆ ಬರುವ ಒಂದು ಆಕರವನ್ನು ಹೆಚ್ಚಿನವರು ಬಳಸುತ್ತಲೇ ಇಲ್ಲ. 2025ರ ಜೂನ್ 20ರಿಂದ ಯುರೋಪಿಯನ್ ಒಕ್ಕೂಟದಲ್ಲಿ ಮಾರುಕಟ್ಟೆಗೆ ಬರುವ ಪ್ರತಿ ಸ್ಮಾರ್ಟ್‌ಫೋನಿಗೂ ಇಂಧನ ಲೇಬಲ್ ಕಡ್ಡಾಯ. ಒಂದು ಚಾರ್ಜಿಗೆ ಎಷ್ಟು ಗಂಟೆ, ಶೇ. 80ಕ್ಕೆ ಇಳಿಯುವ ಮೊದಲು ಎಷ್ಟು ಸೈಕಲ್, ಪದೇ ಪದೇ ಬಿದ್ದರೆ ತಾಳುವ ಶಕ್ತಿ ಯಾವ ದರ್ಜೆಯದು, ದುರಸ್ತಿ ಎಷ್ಟು ಸುಲಭ ಎಂಬುದೆಲ್ಲ ಅದರಲ್ಲಿ ಇರುತ್ತದೆ. ಎಲ್ಲ ತಯಾರಕರಿಗೂ ಒಂದೇ ಅಳತೆಗೋಲು. ಈ ವಿವರ ಎಪ್ರೆಲ್ ಎಂಬ ಸಾರ್ವಜನಿಕ ದತ್ತಾಂಶ ತಾಣದಲ್ಲಿದ್ದು, ಯಾವ ದೇಶದಿಂದ ಬೇಕಾದರೂ ತೆರೆದು ನೋಡಬಹುದು. ನೀವು ಕೊಳ್ಳುವ ಮಾದರಿ ಸಂಖ್ಯೆ ಬೇರೆ ಇದ್ದರೆ ಬ್ಯಾಟರಿ ಗಾತ್ರ ಒಂದೇ ಇದೆಯೇ ಎಂದು ಖಚಿತಪಡಿಸಿಕೊಂಡು ಬಳಸಿ.

ಚಾರ್ಜಿಂಗ್‌ನ ವ್ಯಾಟ್ ಅಂಕಿ ಆ ಕಂಪನಿಯದೇ ಚಾರ್ಜರ್ ಮತ್ತು ಕೇಬಲ್ ಇದ್ದಾಗ ಮಾತ್ರ ನಿಜ. 80 ವ್ಯಾಟಿನ ಫೋನನ್ನು ಎಲ್ಲ ಕಂಪನಿಗಳ ಫೋನಿಗೂ ಹೊಂದುವ ಸಾಮಾನ್ಯ ಯುಎಸ್‌ಬಿ ಪಿಡಿ ಚಾರ್ಜರಿಗೆ ಸಿಕ್ಕಿಸಿದರೆ ಅದರ ಒಂದು ಪಾಲಿಗೆ ಇಳಿಯಬಹುದು. ಸ್ಯಾಮ್‌ಸಂಗ್‌ನ 45 ವ್ಯಾಟಿಗೆ ಪಿಪಿಎಸ್ (ಫೋನಿಗೆ ತಕ್ಕಂತೆ ವೋಲ್ಟೇಜ್ ಹೊಂದಿಸುವ ವ್ಯವಸ್ಥೆ) ಇರುವ ಚಾರ್ಜರೂ 5 ಆಂಪಿಯರ್ ಕೇಬಲ್ಲೂ ಎರಡೂ ಬೇಕು. 3 ಆಂಪಿಯರಿನ ಕೇಬಲ್ ಹಾಕಿದರೆ 25 ವ್ಯಾಟಿಗೆ ನಿಲ್ಲುತ್ತದೆ. ಡಬ್ಬಿಯಲ್ಲಿ ಚಾರ್ಜರ್ ಇಲ್ಲದಿದ್ದರೆ ಅದರ ಬೆಲೆಯನ್ನೂ ಫೋನಿನ ಬೆಲೆಗೆ ಸೇರಿಸಿ ಹೋಲಿಸಿ.

ಪರದೆ

"3000 ನಿಟ್ಸ್" ಎಂಬುದು ಎಚ್‌ಡಿಆರ್ ವಿಡಿಯೊದಲ್ಲಿ ಪರದೆಯ ಚಿಕ್ಕ ಭಾಗವೊಂದು ಕ್ಷಣಕಾಲ ಮುಟ್ಟುವ ಪ್ರಕಾಶ. ಬಿಸಿಲಲ್ಲಿ ನಕಾಶೆ ಓದಲು ಬೇಕಾದದ್ದು ಪೂರ್ತಿ ಪರದೆಯ ಪ್ರಕಾಶ. ಪಟ್ಟಿಯಲ್ಲಿ ಅದು ಎಚ್‌ಬಿಎಂ ಎಂಬ ಹೆಸರಲ್ಲಿರುತ್ತದೆ. ಹೋಲಿಸಬೇಕಾದದ್ದು ಅದನ್ನೇ.

120 ಹರ್ಟ್ಜ್ ಎಂದರೆ ಪರದೆ ಸೆಕೆಂಡಿಗೆ 120 ಬಾರಿ ಚಿತ್ರ ಬದಲಿಸುತ್ತದೆ ಎಂದರ್ಥ. ಅದರಲ್ಲೂ ಎರಡು ಬಗೆ. ಎಲ್‌ಟಿಪಿಒ ಪರದೆ ನೀವು ಸುಮ್ಮನೆ ಓದುತ್ತಿರುವಾಗ 1 ಹರ್ಟ್ಜ್‌ವರೆಗೂ ಇಳಿದು ಬ್ಯಾಟರಿ ಉಳಿಸುತ್ತದೆ. ಸಾಮಾನ್ಯ ಪರದೆ ಹೆಚ್ಚಾಗಿ 60ಕ್ಕೆ ನಿಲ್ಲುತ್ತದೆ.

ರಾತ್ರಿ ಮಂದ ಬೆಳಕಿನಲ್ಲಿ ಫೋನು ನೋಡಿದರೆ ತಲೆನೋವು, ಕಣ್ಣು ಸೆಳೆತ ಬರುವವರು ಪಿಡಬ್ಲ್ಯುಎಂ (ಪರದೆ ಮಿಟುಕುವ ವೇಗ) ಸಾಲನ್ನು ಕಡ್ಡಾಯವಾಗಿ ನೋಡಬೇಕು. ಅಮೊಲೆಡ್ ಪರದೆಗಳು ಪ್ರಕಾಶ ತಗ್ಗಿಸಲು ಅತಿ ವೇಗವಾಗಿ ಆರಿ ಹೊತ್ತುತ್ತವೆ. ಸೆಕೆಂಡಿಗೆ 240 ಅಥವಾ 480 ಬಾರಿ ಆರಿ ಹೊತ್ತುವುದು ಕೆಲವರ ಕಣ್ಣಿಗೆ ಸಹಿಸದು. 2160 ಮತ್ತು ಮೇಲಿನದು ಸೌಮ್ಯ. ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಪರೀಕ್ಷಿಸಬಹುದು. ಪರದೆಯ ಪ್ರಕಾಶ ಕಾಲು ಭಾಗಕ್ಕೆ ಇಳಿಸಿ, ಬಿಳಿ ಪುಟ ತೆರೆದು, ಇನ್ನೊಂದು ಫೋನಿನ ಕ್ಯಾಮೆರಾವನ್ನು ಪ್ರೊ ಮೋಡಿಗೆ ಹಾಕಿ ಶಟರ್ 1/1000ಕ್ಕಿಂತ ವೇಗವಾಗಿ ಇಟ್ಟು ಅದನ್ನು ನೋಡಿ. ದಪ್ಪ ಕಪ್ಪು ಪಟ್ಟೆಗಳು ಕಂಡರೆ ಆವರ್ತನ ಕಡಿಮೆ. ತೆಳುವಾದ ಹಲವು ಗೆರೆಗಳಾದರೆ ಹೆಚ್ಚು.

ಕ್ಯಾಮೆರಾ

ಮೆಗಾಪಿಕ್ಸೆಲ್ ಬಿಟ್ಟು ಸೆನ್ಸರಿನ ಗಾತ್ರ ನೋಡಿ. 200 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. 50ರದ್ದು ನಾಲ್ಕು ಸೇರಿಸಿ ಅದೇ 12.5 ಕೊಡುತ್ತದೆ. ಸೆನ್ಸರ್ ಗಾತ್ರವನ್ನು ಭಿನ್ನರಾಶಿಯಲ್ಲಿ ಬರೆಯುತ್ತಾರೆ, ಕೆಳಗಿನ ಅಂಕಿ ಚಿಕ್ಕದಾದಷ್ಟೂ ಸೆನ್ಸರ್ ದೊಡ್ಡದು. 1/1.3 ಇಂಚಿನ ಸೆನ್ಸರಿನ ವಿಸ್ತೀರ್ಣ 1/1.95 ಇಂಚಿನದರ ಎರಡು ಪಟ್ಟಿಗಿಂತ ಹೆಚ್ಚು. ಮಂದ ಬೆಳಕಿನಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಮುಖ್ಯ ಕ್ಯಾಮೆರಾದಲ್ಲಿ ಒಐಎಸ್ (ಕೈ ನಡುಗಿದರೂ ಚಿತ್ರ ಅಲುಗದಂತೆ ಲೆನ್ಸನ್ನು ಹೊಂದಿಸುವ ವ್ಯವಸ್ಥೆ), ಅಲ್ಟ್ರಾವೈಡ್‌ನಲ್ಲಿ ಆಟೊಫೋಕಸ್ ಇದೆಯೇ ನೋಡಿ. 2 ಮೆಗಾಪಿಕ್ಸೆಲ್ ಮ್ಯಾಕ್ರೊ, ಡೆಪ್ತ್ ಕ್ಯಾಮೆರಾಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಅಂಗಡಿಯಲ್ಲಿ ಎರಡೂ ಫೋನಿನಿಂದ ಒಂದೇ ಜಾಗದಲ್ಲಿ ನಿಂತು ಈ ನಾಲ್ಕನ್ನು ತೆಗೆಯಿರಿ: ಬೆಳಕಿಗೆ ಬೆನ್ನು ಮಾಡಿ ನಿಂತವರ ಮುಖ, ಒಳಗಿನ ಮಂದ ಬೆಳಕಿನಲ್ಲಿ ನಡೆಯುತ್ತಿರುವ ಒಬ್ಬರು, ಒಂದೇ ದೃಶ್ಯ ಮುಖ್ಯ ಮತ್ತು ಅಲ್ಟ್ರಾವೈಡ್ ಎರಡರಲ್ಲೂ, ನಡೆಯುತ್ತಾ ಜೂಮ್ ಮಾಡಿದ ಹತ್ತು ಸೆಕೆಂಡಿನ ವಿಡಿಯೊ. ಎರಡನೆಯದು ಅತಿ ಕಠಿಣ ಪರೀಕ್ಷೆ. ಮಕ್ಕಳ, ಸಾಕುಪ್ರಾಣಿಗಳ ಫೋಟೊ ಮಸುಕಾಗುವುದು ಶಟರ್ ಹೆಚ್ಚು ಹೊತ್ತು ತೆರೆದಿರುವುದರಿಂದ, ಅದನ್ನು ಯಾವ ವಿವರಪಟ್ಟಿಯೂ ಹೇಳುವುದಿಲ್ಲ.

ಪ್ರತಿದಿನ ಕಾಡುವ ಸಣ್ಣ ಸಾಲುಗಳು

ಕಡಿಮೆ ಬೆಲೆಯ ಫೋನುಗಳಲ್ಲಿ ಕರೆ ಬಂದಾಗ ಕಿವಿ ಹತ್ತಿರವಿದೆಯೇ ಎಂದು ನೋಡುವ ಪ್ರಾಕ್ಸಿಮಿಟಿ ಸೆನ್ಸರನ್ನೇ ತೆಗೆದು, ಅದರ ಕೆಲಸವನ್ನು ಶ್ರವಣಾತೀತ ಧ್ವನಿ ಮತ್ತು ಫೋನಿನ ಚಲನೆಯಿಂದ ಊಹಿಸುವ ತಂತ್ರಾಂಶಕ್ಕೆ ಒಪ್ಪಿಸುತ್ತಾರೆ. ಪಟ್ಟಿಯಲ್ಲಿ "ವರ್ಚುವಲ್" ಎಂದಿರುತ್ತದೆ. ಊಹೆ ತಪ್ಪಿದಾಗ ಮಾತಿನ ನಡುವೆ ಪರದೆ ಹೊತ್ತಿ, ಕೆನ್ನೆ ತಾಗಿ ಮ್ಯೂಟ್ ಆಗುತ್ತದೆ. ದಿನಕ್ಕೆ ಹತ್ತು ಕರೆ ಮಾಡುವವರಿಗೆ ಈ ಒಂದು ಸಾಲು ಸಾಕು, ಆ ಫೋನನ್ನು ಕೈಬಿಡಲು.

ಒಟಿಟಿ ನೋಡುವವರು ವೈಡ್‌ವೈನ್ (ವಿಡಿಯೊ ನಕಲಾಗದಂತೆ ಕಾಯುವ ವ್ಯವಸ್ಥೆ) ಮಟ್ಟ ಎಲ್1 ಇದೆಯೇ ನೋಡಿ. ಎಲ್3 ಆದರೆ ಪರದೆ ಎಷ್ಟೇ ಚೆನ್ನಾಗಿದ್ದರೂ ಚಿತ್ರ ಎಸ್‌ಡಿಗೆ ಸೀಮಿತ. ಕಂಪ್ಯೂಟರಿಗೆ ವಿಡಿಯೊ ಸಾಗಿಸುವವರಿಗೆ ಯುಎಸ್‌ಬಿ ಆವೃತ್ತಿ ಮುಖ್ಯ: ಐಫೋನ್ 15ರ ಪೋರ್ಟ್ ಯುಎಸ್‌ಬಿ 2, ಸೆಕೆಂಡಿಗೆ 480 ಮೆಗಾಬಿಟ್; 15 ಪ್ರೊದಲ್ಲಿ 10 ಗಿಗಾಬಿಟ್‌ವರೆಗೆ. ಎನ್‌ಎಫ್‌ಸಿ (ಫೋನು ತಾಗಿಸಿ ಹಣ ಪಾವತಿಸಲು ಬೇಕಾದದ್ದು), ಗೈರೊಸ್ಕೋಪ್ (ಫೋನು ತಿರುಗುವುದನ್ನು ಗುರುತಿಸುವ ಸೆನ್ಸರ್), ದಿಕ್ಸೂಚಿ ಇವು ಇವೆಯೇ ಎಂದೂ ಗುರುತು ಹಾಕಿ. ನೀರು, ಧೂಳು ತಡೆಯುವ ದರ್ಜೆಯಲ್ಲಿ ಐಪಿ67 ಎಂದರೆ 1 ಮೀಟರ್ ನೀರಲ್ಲಿ 30 ನಿಮಿಷ. ಐಪಿ68ರ ಆಳವನ್ನು ತಯಾರಕರೇ ನಮೂದಿಸುತ್ತಾರೆ. ಐಪಿ54 ಬರೀ ಸಿಂಪರಣೆಗೆ. ಯಾವುದಿದ್ದರೂ ನೀರು ನುಗ್ಗಿ ಆದ ಹಾನಿ ಸಾಮಾನ್ಯವಾಗಿ ವಾರಂಟಿಗೆ ಸೇರುವುದಿಲ್ಲ.

ಗಾತ್ರ ನೋಡುವಾಗ ಪರದೆಯ ಇಂಚಿಗಿಂತ ಫೋನಿನ ಅಗಲಕ್ಕೆ ಬೆಲೆ ಕೊಡಿ. 71 ಮತ್ತು 77 ಮಿಲಿಮೀಟರಿನ ನಡುವಿನ ಅಂತರ ಒಂದೇ ಕೈಯಲ್ಲಿ ಬಳಸುವಾಗ ಹೆಬ್ಬೆರಳಿಗೆ ತಿಳಿಯುತ್ತದೆ. ತೂಕದಲ್ಲಿ 30 ಗ್ರಾಂ ವ್ಯತ್ಯಾಸವಿದ್ದರೆ ಮಲಗಿ ಓದುವವರ ಮಣಿಕಟ್ಟಿಗೆ.

ಇಷ್ಟಾದ ಮೇಲೂ ಎರಡೂ ಸಮವಾಗಿ ನಿಂತರೆ, ನಿಮ್ಮ ಹತ್ತಿರದಲ್ಲಿ ಅಧಿಕೃತ ದುರಸ್ತಿ ಕೇಂದ್ರ ಇರುವ, ಪರದೆ ಮತ್ತು ಬ್ಯಾಟರಿಯ ಬದಲಿ ಬೆಲೆಯನ್ನು ಬಹಿರಂಗವಾಗಿ ಪ್ರಕಟಿಸಿರುವ ಕಂಪನಿಯದ್ದನ್ನು ಆರಿಸಿ.

ಹಿಂದಿರುಗಿಸುವ ಅವಧಿಯೊಳಗೆ

ಹೊಸ ಫೋನಿನ ಬ್ಯಾಟರಿಯನ್ನು ಮೊದಲ ಮೂರು ನಾಲ್ಕು ದಿನ ಅಳೆಯಬೇಡಿ. ಫೋಟೊಗಳ ಸಿಂಕ್, ಆ್ಯಪ್‌ಗಳ ಇಂಡೆಕ್ಸಿಂಗ್ ಹಿನ್ನೆಲೆಯಲ್ಲಿ ನಡೆಯುತ್ತಿರುವುದರಿಂದ ಅದು ಬೇಗ ಇಳಿಯುವುದು ಸಹಜ. ಆದರೆ ಉಳಿದ ಪರೀಕ್ಷೆಗಳನ್ನು ಮೊದಲ ದಿನವೇ ಶುರು ಮಾಡಿ:

1. ಕತ್ತಲೆ ಕೋಣೆಯಲ್ಲಿ ಪ್ರಕಾಶ ಅತಿ ಕಡಿಮೆ ಮಾಡಿ ಪೂರ್ತಿ ಬೂದು ಬಣ್ಣದ ಚಿತ್ರ ತೆರೆಯಿರಿ. ಹಸಿರು ಛಾಯೆ, ಕಲೆ, ಗೆರೆ ಇದ್ದರೆ ಇದರಲ್ಲೇ ಕಾಣುತ್ತದೆ. ಆಮೇಲೆ ಬಿಳಿ, ಕೆಂಪು, ಹಸಿರು, ನೀಲಿ ಪರದೆಗಳಲ್ಲಿ ಸತ್ತ ಪಿಕ್ಸೆಲ್ ಹುಡುಕಿ.
2. ಐದು ನಿಮಿಷದ ಕರೆ ಮಾಡಿ, ಒಮ್ಮೆ ಕಿವಿಗಿಟ್ಟು, ಒಮ್ಮೆ ಸ್ಪೀಕರಿನಲ್ಲಿ. ಪರದೆ ಪ್ರತಿ ಬಾರಿ ಆರಿತೇ ಗಮನಿಸಿ.
3. ಮನೆಯಲ್ಲಿ ಸಿಗ್ನಲ್ ದುರ್ಬಲವಾಗಿರುವ ಮೂಲೆಯಲ್ಲಿ ಹಳೆಯ ಫೋನನ್ನೂ ಹೊಸದನ್ನೂ ಒಂದೇ ನೆಟ್‌ವರ್ಕಿನಲ್ಲಿ ಹೋಲಿಸಿ.
4. ಅಲಾರಾಂ ಇಟ್ಟು, ಸಂದೇಶದ ಆ್ಯಪ್ ಹಿನ್ನೆಲೆಯಲ್ಲಿಟ್ಟು ರಾತ್ರಿ ಬಿಡಿ. ಸೂಚನೆಗಳು ಬೆಳಿಗ್ಗೆ ಪರದೆ ತೆರೆದಾಗ ಒಟ್ಟಿಗೆ ಬಂದರೆ ತಂತ್ರಾಂಶ ಆ್ಯಪನ್ನು ಕೊಲ್ಲುತ್ತಿದೆ ಎಂದರ್ಥ. ಆ ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು "ಅನ್‌ರಿಸ್ಟ್ರಿಕ್ಟೆಡ್"ಗೆ ಬದಲಿಸಿ. ಮರುದಿನವೂ ಹಾಗೆಯೇ ಆದರೆ ಹಿಂದಿರುಗಿಸುವುದನ್ನು ಯೋಚಿಸಿ.

ಹಳೆಯ ಫೋನನ್ನು ಅಳಿಸುವ ಮುನ್ನ

ಇಲ್ಲಿ ಅವಸರ ಮಾಡಿದವರು ಕಳೆದುಕೊಳ್ಳುವುದು ಫೋಟೊಗಳಿಗಿಂತ ಹೆಚ್ಚಾಗಿ ಖಾತೆಗಳನ್ನು. ಮೊದಲು ಅಥೆಂಟಿಕೇಟರ್ ಆ್ಯಪನ್ನು (ಲಾಗಿನ್ ವೇಳೆ ಕೇಳುವ ಕೋಡ್ ಕೊಡುವ ಆ್ಯಪ್) ಸ್ಥಳಾಂತರಿಸಿ. ಗೂಗಲ್ ಅಥೆಂಟಿಕೇಟರಿನಲ್ಲಿ ಖಾತೆ ವರ್ಗಾವಣೆಯ ಕ್ಯೂಆರ್ ಕೋಡ್ ಬರುತ್ತದೆ, ಅದನ್ನು ಹೊಸ ಫೋನಿನಿಂದ ಸ್ಕ್ಯಾನ್ ಮಾಡಿದರಾಯಿತು. ನಂತರ ವಾಟ್ಸ್‌ಆ್ಯಪ್: ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು ಮೂವ್ ಟು ಐಒಎಸ್ ಮೂಲಕ ಹೊಸ ಫೋನಿನ ಮೊದಲ ಸೆಟಪ್ ವೇಳೆಯಲ್ಲೇ ಇದನ್ನು ಮಾಡಬೇಕು. ಸೆಟಪ್ ಮುಗಿಸಿ ಕೂತರೆ ಐಫೋನನ್ನು ರೀಸೆಟ್ ಮಾಡಿ ಮತ್ತೆ ಆರಂಭಿಸಬೇಕಾಗುತ್ತದೆ. ಬ್ಯಾಂಕ್ ಆ್ಯಪ್‌ಗಳು ಫೋನಿಗೇ ಬೆಸೆದಿರುವುದರಿಂದ ಪ್ರತಿಯೊಂದನ್ನೂ ಹೊಸದರಲ್ಲಿ ತೆರೆದು ಲಾಗಿನ್ ಆಗಿ ನೋಡಿ.

ಹಳೆಯ ಫೋನನ್ನು ಎರಡು ವಾರ ಹಾಗೆಯೇ ಇಟ್ಟುಕೊಳ್ಳಿ. ಮಾರುವ ದಿನ ಮೆಮೊರಿ ಕಾರ್ಡು, ಸಿಮ್ ತೆಗೆದು, ಐಫೋನಾದರೆ ಫೈಂಡ್ ಮೈ ನಿಲ್ಲಿಸಿ, ಆಂಡ್ರಾಯ್ಡ್ ಆದರೆ ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದಲೇ ತೆಗೆದುಹಾಕಿ, ಆಮೇಲಷ್ಟೇ ಫ್ಯಾಕ್ಟರಿ ರೀಸೆಟ್ ಮಾಡಿ. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ಅಳಿಸಿದರೆ ಕೊಂಡವರಿಗೆ ನಿಮ್ಮ ಪಾಸ್‌ವರ್ಡ್ ಕೇಳುವ ಬೀಗ ಎದುರಾಗುತ್ತದೆ. ರೀಸೆಟ್ ವೇಳೆ "ಇ-ಸಿಮ್ ಕೂಡ ಅಳಿಸಲೇ" ಎಂದು ಕೇಳಿದಾಗ, ಹೊಸ ಫೋನಿನಲ್ಲಿ ಅದೇ ಸಂಖ್ಯೆಯಿಂದ ಕರೆ ಹೋಗುತ್ತಿದೆ ಎಂದು ಖಚಿತಪಡಿಸಿಕೊಂಡ ಮೇಲೆಯೇ ಹೌದು ಒತ್ತಿ.